ಹಣ್ಣೆಲೆಯ ಬಣ್ಣ, ಚಿಗುರೆಲೆಯ ಬಣ್ಣ
ನೀಲಗಿರಿಯಲ್ಲಿ ಕ್ಯಾಮೆರಾ ಹಿಡಿಯುವವರಿಗೆ

ಶರತ್ಕಾಲವೆಂದರೆ ಎಲೆಗಳು ಕೆಂಪೇರಿ ಉದುರುವ ಕಾಲವೆಂದು ನಮ್ಮ ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಹಾಗೆ ಬರೆದವರಿಗೆ ಪೂರ್ಣ ಅಂಕಗಳೂ ದೊರೆಯುತ್ತವೆ. ಆದರೆ ಅದೇ ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ತರಗತಿಯ ಕಿಟಕಿಯಿಂದ ಹೊರಗೆ ನೋಡಿದರೆ ನೀಲಗಿರಿಯ ಇಳಿಜಾರುಗಳು ಹಚ್ಚಹಸುರಾಗಿ ನಿಂತಿರುತ್ತವೆ. ಕೂನೂರು, ಕೋಟಗಿರಿಗಳ ಕಡೆಗಂತೂ ಈಶಾನ್ಯ ಮಾರುತದ ಮಳೆ ಸುರಿಯುತ್ತಿರುತ್ತದೆ. ಒಂದು ಹಣ್ಣೆಲೆಯನ್ನಾದರೂ ಹುಡುಕಿ ತರುವುದು ಮಕ್ಕಳಿಗೆ ಪ್ರಯಾಸದ ಕೆಲಸವೇ ಸರಿ. ಕಣ್ಣಿಗೆ ಕಾಣುವುದನ್ನು ಬಿಟ್ಟು ಪುಸ್ತಕದಲ್ಲಿರುವುದನ್ನು ಬರೆಯುವ ಅಭ್ಯಾಸ ಇಂಥ ಸಣ್ಣ ವಿಷಯಗಳಿಂದಲೇ ಆರಂಭವಾಗುತ್ತದೆ ಎಂಬುದು ಈ ಲೇಖಕನ ಭಾವನೆ.

ತಪ್ಪು ಮಕ್ಕಳದಲ್ಲ. 'ಆಟಮ್' ಎಂಬ ಇಂಗ್ಲಿಷ್ ಮಾತಿಗೆ ನಾವು 'ಶರತ್ಕಾಲ' ಎಂಬ ಹೆಸರನ್ನು ಕೊಟ್ಟುಬಿಟ್ಟಿದ್ದೇವೆ. ತಿಂಗಳ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಗುಣದಲ್ಲಿ ಮಾತ್ರ ಅವು ಬೇರೆ ಬೇರೆ. ನಮ್ಮ ಪೂರ್ವಿಕರ ಶರದೃತುವಿನಲ್ಲಿ ತಿಳಿಯಾದ ಆಕಾಶವಿದೆ, ಬಿಳಿಯ ಮೋಡವಿದೆ, ಬೆಳದಿಂಗಳಿದೆ, ಕೊಳದಲ್ಲಿ ತಾವರೆಯಿದೆ, ಉದುರುವ ಎಲೆಗಳಿಲ್ಲ. ಎಲೆ ಉದುರುವ ಕಾಲವೆಂದು ಅವರು ಗುರುತಿಸಿದ್ದು ಮಾಘ, ಫಾಲ್ಗುಣಗಳ ಶಿಶಿರವನ್ನು. ಅದರ ಬೆನ್ನಿಗೇ ಬರುವ ವಸಂತಕ್ಕೆ ಅವರು ಕೊಟ್ಟ ಬಣ್ಣ ಹಸುರಲ್ಲ, ಕೆಂಪು. 'ಕೆಂದಳಿರು' ಎಂಬ ನಮ್ಮ ಹಳೆಯ ಮಾತನ್ನು ಬಿಡಿಸಿ ನೋಡಿದರೆ ಸಾಕು, ಈ ನಾಡಿನ ಮರಗಳ ಸ್ವಭಾವವೆಲ್ಲ ಅದರಲ್ಲಿ ಅಡಗಿದೆ.

ಬೆಟ್ಟದ ಎಲೆಬಣ್ಣವನ್ನು ಛಾಯಾಚಿತ್ರದಲ್ಲಿ ಹಿಡಿಯಬೇಕೆಂಬ ಹಂಬಲವುಳ್ಳವರು ಮೊದಲು ತಿಳಿಯಬೇಕಾದದ್ದು ಇದನ್ನೇ. ವಿದೇಶದ ಕ್ಯಾಲೆಂಡರುಗಳನ್ನು ನೋಡಿ ಅಕ್ಟೋಬರಿನಲ್ಲಿ ಘಟ್ಟ ಹತ್ತಿದವರು ಮಂಜಿನ ಚಿತ್ರಗಳನ್ನು ಹೊತ್ತು ಹಿಂತಿರುಗುತ್ತಾರೆ.

ಶೀತ ದೇಶಗಳ ಮರಗಳು ಕೆಂಪೇರುವುದೇಕೆ? ಹಗಲು ಕುಗ್ಗುತ್ತ ಚಳಿ ಹೆಚ್ಚಿದಂತೆ ಮರವು ಎಲೆಯಲ್ಲಿರುವ ಸಾರವನ್ನು ಹಿಂದಕ್ಕೆ ಎಳೆದುಕೊಳ್ಳತೊಡಗುತ್ತದೆ. ಪತ್ರಹರಿತ್ತು ಕರಗುತ್ತದೆ. ಅದುವರೆಗೆ ಹಸುರಿನ ಮರೆಯಲ್ಲಿದ್ದ ಕೆರೋಟಿನಾಯ್ಡ್‌ಗಳು ಹಳದಿಯಾಗಿ ಹೊರತೋರುತ್ತವೆ. ಕೆಂಪನ್ನುಂಟುಮಾಡುವ ಆಂಥೋಸಯನಿನ್ ಮಾತ್ರ ಹಾಗೆ ಅಡಗಿದ್ದ ವಸ್ತುವಲ್ಲ. ಆ ಕೊನೆಯ ದಿನಗಳಲ್ಲಿ ಎಲೆಯೇ ಅದನ್ನು ಹೊಸದಾಗಿ ತಯಾರಿಸುತ್ತದೆ. ಕಾಶ್ಮೀರದ ಚಿನಾರ್ ಮರಗಳು ಅಕ್ಟೋಬರ್ ಕಡೆಯಿಂದ ನವೆಂಬರಿನ ನಡುವೆ ಉರಿಯುವ ಕೆಂಡದಂತಾಗುವುದು ಈ ಕ್ರಮದಿಂದಲೇ. ಶ್ರೀನಗರದಲ್ಲಿ ಅತ್ಯಂತ ದೀರ್ಘವಾದ ಹಗಲಿಗೂ ಅತ್ಯಂತ ಚಿಕ್ಕ ಹಗಲಿಗೂ ಸುಮಾರು ನಾಲ್ಕೂವರೆ ಗಂಟೆಗಳ ಅಂತರವಿದೆ. ಉದಕಮಂಡಲದಲ್ಲಿ ಈ ಅಂತರ ಸುಮಾರು 1 ಗಂಟೆ 20 ನಿಮಿಷ ಮಾತ್ರ. ಆದ್ದರಿಂದ ನಮ್ಮ ಮರಗಳಿಗೆ ಹೊತ್ತು ತಿಳಿಸುವ ಗಡಿಯಾರ ಹಗಲಿನ ಉದ್ದವಲ್ಲ, ನೆಲದ ತೇವ.

ಮುಂಗಾರು, ಹಿಂಗಾರುಗಳೆರಡೂ ಮುಗಿದು ನೆಲ ಒಣಗತೊಡಗಿದ ಮೇಲೆ, ಅಂದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬಣ್ಣವು ಬೆಟ್ಟದ ಬುಡದಲ್ಲಿ ಆರಂಭವಾಗುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರ, ತೆಪ್ಪಕಾಡುಗಳ ಮಾರ್ಗವಾಗಿ ಬರುವವರು ಗಮನಿಸಿ ನೋಡಲಿ. ದಿಂಡಿಗದ ಮರ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಕವಲು ಮರದ ಅಗಲವಾದ ಎಲೆಗಳು ಉದುರುವ ಮುನ್ನ ಕೆಂಪಾಗುತ್ತವೆ. ನಂದಿಯ ಎಲೆಗಳೂ ಕಂದುಗೆಂಪಾಗುತ್ತವೆ. ತೇಗ ಮಾತ್ರ ಯಾವ ಸಂಭ್ರಮವೂ ಇಲ್ಲದೆ ಒಣಗಿ, ತೂತುತೂತಾದ ಎಲೆಗಳನ್ನು ಸದ್ದುಮಾಡಿ ಕೆಡವುತ್ತದೆ. ಇದು ನಮ್ಮ ಹಣ್ಣೆಲೆಯ ಕಾಲ. ಅದು ಮುಗಿಯುವ ಮೊದಲೇ ಬೋಳು ಕೊಂಬೆಗಳ ಮೇಲೆ ಮುತ್ತುಗ, ಬೂರುಗಗಳ ಹೂಗಳು ಅರಳುತ್ತವೆ. ಆ ಬಳಿಕ, ಇನ್ನೂ ಒಂದು ಹನಿ ಮಳೆ ಬೀಳದಿರುವಾಗಲೇ, ಸಾಗಡೆ ಮರ ರಕ್ತಗೆಂಪಿನ ಚಿಗುರನ್ನು ಹೊರಡಿಸುತ್ತದೆ. ದೂರದಿಂದ ನೋಡಿದವರು ಅದನ್ನು ಹೂವೆಂದೇ ಭ್ರಮಿಸುವುದುಂಟು.

ಮೇಲೆ, ಎರಡು ಸಾವಿರ ಮೀಟರುಗಳ ಎತ್ತರದ ಶೋಲಾ ಕಾಡುಗಳಲ್ಲಿ ಕಥೆಯೇ ಬೇರೆ. ಇವು ನಿತ್ಯಹರಿದ್ವರ್ಣದ ಕಾಡುಗಳು, ಬೋಳಾಗುವುದೆಂಬುದಿಲ್ಲ. ಜನವರಿಯ ಹಿಮ ಬಿದ್ದು ಸುತ್ತಲಿನ ಹುಲ್ಲು ಸುಟ್ಟಂತಾಗಿ, ಬೆಟ್ಟದ ಮೈಯೆಲ್ಲ ಸಿಂಹದ ತೊಗಲಿನ ಬಣ್ಣವನ್ನು ತಳೆದಿರುತ್ತದೆ. ಅದರ ಮಡಿಕೆಗಳಲ್ಲಿ ಕಪ್ಪುಹಸುರಿನ ಶೋಲಾ ಮುದುಡಿ ಕುಳಿತಿರುತ್ತದೆ. ಮಾಘದಿಂದ ಚೈತ್ರದವರೆಗೆ ಆ ಕಪ್ಪುಹಸುರಿನ ನೆತ್ತಿಯ ಮೇಲೆ ಅಲ್ಲೊಂದು ಇಲ್ಲೊಂದು ಮರ ಚಿಗುರುತ್ತದೆ: ಕಾಡುನೇರಳೆಯ ಬಳಗದ್ದು ತಾಮ್ರಗೆಂಪು, ಕಾಡುದಾಲ್ಚಿನ್ನಿಯದು ನಸುಗೆಂಪು. ಬಡಗರು ಬಿಕ್ಕಿ ಎಂದು ಕರೆಯುವ, ರುದ್ರಾಕ್ಷಿಯ ಬಳಗಕ್ಕೆ ಸೇರಿದ ಮರದಲ್ಲಿ ಮುದಿಯೆಲೆಗಳು ಒಂದೊಂದಾಗಿ ಕುಂಕುಮದ ಬಣ್ಣಕ್ಕೆ ತಿರುಗಿ ಹಸುರಿನ ನಡುವೆ ನಿಂತಿರುತ್ತವೆ. ದೊಡ್ಡಬೆಟ್ಟದ ಕಡೆ ಇದೇ ಚಳಿಗಾಲದಲ್ಲಿ ರೋಡೋಡೆಂಡ್ರಾನ್ ಮರ ಕೆಂಪು ಹೂಗಳನ್ನು ಬಿಡುವುದರಿಂದ ಎಲೆ ಯಾವುದು, ಹೂ ಯಾವುದು ಎಂದು ಒಂದು ಕ್ಷಣ ತಬ್ಬಿಬ್ಬಾಗುವುದೂ ಉಂಟು.

ಹುಟ್ಟುವ ಎಲೆ ಕೆಂಪಾಗಿರುವುದೇಕೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಪತ್ರಹರಿತ್ತು ತುಂಬಿಕೊಳ್ಳುವ ತನಕ ತೀಕ್ಷ್ಣವಾದ ಬಿಸಿಲಿನಿಂದ ಎಳೆಯ ಎಲೆಯನ್ನು ಕಾಪಾಡುವ ಛತ್ರಿಯಿದು ಎಂದು ಕೆಲವರು. ಎಲೆ ತಿನ್ನುವ ಹುಳುಗಳಿಗೆ ಕಣ್ಣುಮುಚ್ಚಾಲೆಯಾಡಿಸುವ ಉಪಾಯ ಎಂದು ಬೇರೆ ಕೆಲವರು. ಏನೇ ಇರಲಿ, ಸಾಯುವ ಎಲೆಯನ್ನು ಅಲ್ಲಿ ಕೆಂಪಾಗಿಸುವ ಆಂಥೋಸಯನಿನ್‌ಗಳೇ ಇಲ್ಲಿ ಹುಟ್ಟುವ ಎಲೆಗೂ ಕೆಂಪನ್ನು ಕೊಡುತ್ತವೆ.

ಈಗ ಕ್ಯಾಮೆರಾದ ವಿಷಯಕ್ಕೆ ಬರೋಣ. ಎಳೆಯ ಎಲೆ ತೆಳು. ಬೆಳಕು ಅದರೊಳಗೆ ತೂರಿ ಬರುತ್ತದೆ. ಆದುದರಿಂದ ಸೂರ್ಯನು ಮರದ ಹಿಂದಿರುವಂತೆ ನಿಂತುಕೊಳ್ಳಬೇಕು. ಬೆಳಗಿನ ಏಳರಿಂದ ಒಂಬತ್ತು ಗಂಟೆಯೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ, ಓರೆಬಿಸಿಲು ಚಿಗುರಿನ ಹಿಂಬದಿಯಿಂದ ಬಂದಾಗ ಸಾಧಾರಣವಾದ ಮಾವಿನ ತಳಿರು ಕೂಡ ದೀಪ ಹಚ್ಚಿದಂತೆ ಕಾಣುತ್ತದೆ. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ತೆಗೆಯಿರಿ ಎಂಬ ಹಳೆಯ ಸ್ಟುಡಿಯೋದವರ ಉಪದೇಶ ಇಲ್ಲಿ ನಡೆಯದು. ಸೂರ್ಯನ ಕಿರಣ ನೇರವಾಗಿ ಮಸೂರದ ಮೇಲೆ ಬೀಳದಂತೆ ಅಂಗೈಯನ್ನೋ ಟೋಪಿಯನ್ನೋ ಅಡ್ಡ ಹಿಡಿದರಾಯಿತು.

ಶೋಲಾದ ಬಲಿತ ಎಲೆಗಳದು ಬೇರೆ ಸ್ವಭಾವ. ಅವು ತೊಗಲಿನಂತೆ ದಪ್ಪ, ಮೇಣ ಸವರಿದಂತೆ ನುಣುಪು. ಬಿಸಿಲು ಬಿದ್ದರೆ ಮಿರಮಿರನೆ ಹೊಳೆದು, ಚಿತ್ರದಲ್ಲಿ ಹಸುರಿನ ಬದಲು ಬಿಳಿಯ ಚುಕ್ಕೆಗಳೇ ತುಂಬಿಬಿಡುತ್ತವೆ. ಪೋಲರೈಸಿಂಗ್ ಫಿಲ್ಟರ್ ಎಂಬ ತಿರುಗಿಸಬಹುದಾದ ಗಾಜೊಂದಿದೆ. ಅದನ್ನು ಮಸೂರದ ಮುಂದೆ ತೊಡಿಸಿ ಮೆಲ್ಲಗೆ ತಿರುಗಿಸಿದರೆ ಒಂದು ಹಂತದಲ್ಲಿ ಆ ಹೊಳಪು ಅಡಗಿ ಎಲೆಯ ನಿಜವಾದ ಬಣ್ಣ ಮೂಡುತ್ತದೆ. ನೀಲಿ ಆಕಾಶವನ್ನು ಗಾಢಗೊಳಿಸಲೂ ಇದನ್ನೇ ಬಳಸುತ್ತಾರೆ. ಸೂರ್ಯನು ನಮ್ಮ ಎಡಕ್ಕೋ ಬಲಕ್ಕೋ ಇರುವಾಗ ಅದರ ಪರಿಣಾಮ ಹೆಚ್ಚು. ಫಿಲ್ಟರ್ ಇಲ್ಲದವರು ಮೋಡದ ದಿನವನ್ನು ಕಾಯಬೇಕು. ಮಂಜು ಮುಸುಕಿದ ದಿನ ಬಣ್ಣ ಮಂಕಾಗುತ್ತದೆಂದು ಹಲವರು ಕ್ಯಾಮೆರಾವನ್ನು ಚೀಲದೊಳಗೆ ಇಟ್ಟುಬಿಡುತ್ತಾರೆ. ವಾಸ್ತವದಲ್ಲಿ ಒದ್ದೆಯಾದ ಕೆಂದಳಿರು ಬೂದುಬಣ್ಣದ ಮಂಜಿನ ಎದುರಿಗೆ ನಿಂತಾಗ ಕಾಣುವಷ್ಟು ಕೆಂಪು ಬೇರೆ ಯಾವಾಗಲೂ ಕಾಣದು.

ಯಂತ್ರಕ್ಕೆ ಬುದ್ಧಿಯಿದ್ದರೂ ವಿವೇಕವಿಲ್ಲ. ಮುಂದಿರುವುದು ಕಪ್ಪುಹಸುರಿನ ಕಾಡಾದರೆ ಕತ್ತಲೆಯೆಂದು ಭಾವಿಸಿ ಅದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, ಕೆಂಪೆಲ್ಲ ತೊಳೆದುಹೋಗುತ್ತದೆ. ಆಗ ಬೆಳಕನ್ನು ಅರ್ಧ ಹಂತವೋ ಒಂದು ಹಂತವೋ ತಗ್ಗಿಸಬೇಕು. ಎದುರಿಗೆ ಬೆಳ್ಳನೆಯ ಮಂಜಿದ್ದರೆ ಬೆಳಕು ವಿಪರೀತವಾಯಿತೆಂದು ತಿಳಿದು ಎಲ್ಲವನ್ನೂ ಕಪ್ಪಾಗಿಸುತ್ತದೆ, ಆಗ ಏರಿಸಬೇಕು. ಮೊಬೈಲ್ ಫೋನಿನಲ್ಲಿಯೂ ತೆರೆಯ ಮೇಲೆ ಬೆರಳೊತ್ತಿ ಮೇಲಕ್ಕೋ ಕೆಳಕ್ಕೋ ಜಾರಿಸಿದರೆ ಹಲವು ಫೋನುಗಳಲ್ಲಿ ಈ ಕೆಲಸ ಆಗುತ್ತದೆ. ಬಿಳಿಬಣ್ಣವನ್ನು ಸರಿಹೊಂದಿಸುವ ಕೆಲಸವನ್ನು ಯಂತ್ರಕ್ಕೇ ಬಿಟ್ಟರೆ, ಸಂಜೆಯ ಹೊಂಬಿಸಿಲನ್ನು ದೋಷವೆಂದೆಣಿಸಿ ಅದನ್ನು ಅಳಿಸಿಹಾಕುವುದುಂಟು. ಹಗಲುಬೆಳಕಿನ ಗುರುತಿಗೆ ಅದನ್ನು ನಿಲ್ಲಿಸುವುದು ಲೇಸು. ಗಾಳಿ ಬೀಸುವಾಗ ಚಿಗುರು ಒಂದು ಕ್ಷಣವೂ ನಿಲ್ಲದು. ಇದಕ್ಕೆ ತಾಳ್ಮೆಯೊಂದೇ ಮದ್ದು.

ಇಡೀ ಬೆಟ್ಟವನ್ನು ಒಂದು ಚಿತ್ರದಲ್ಲಿ ತುಂಬಬೇಕೆಂಬ ಆಸೆಯನ್ನು ಬಿಡುವುದು ಒಳ್ಳೆಯದು. ವಿದೇಶದ ಬೆಟ್ಟಗಳಲ್ಲಿ ಇಡೀ ಇಳಿಜಾರು ಒಮ್ಮೆಗೇ ಬಣ್ಣಕ್ಕೆ ತಿರುಗುತ್ತದೆ; ಇಲ್ಲಿ ನೂರು ಮರಗಳಲ್ಲಿ ಐದಾರು ಮಾತ್ರ. ದೂರವನ್ನು ಹತ್ತಿರಕ್ಕೆ ತರುವ ಮಸೂರದಿಂದ ಹಳದಿ ಹುಲ್ಲಿನ ಒಂದು ಅಂಚು, ಕಪ್ಪುಹಸುರಿನ ಒಂದು ರಾಶಿ, ಅದರ ಮೇಲೆ ಚಿಗುರಿದ ಒಂದೇ ಮರ, ಇಷ್ಟನ್ನು ಬಿಡಿಸಿ ತೆಗೆದರೆ ನೀಲಗಿರಿ ನೀಲಗಿರಿಯಾಗಿಯೇ ಕಾಣುತ್ತದೆ. ಆಮೇಲೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಕೆಂಪನ್ನು ಹೆಚ್ಚಿಸಿ ಅದನ್ನು ಕೆನಡಾ ಮಾಡುವವರ ವಿಷಯ ಇಲ್ಲಿ ಬೇಡ.

ಈ ಬೆಟ್ಟಗಳ ಛಾಯಾಚಿತ್ರಕ್ಕೆ ದೀರ್ಘವಾದ ಇತಿಹಾಸವೇ ಇದೆ. 1870ರ ದಶಕದಲ್ಲಿ ಎ.ಟಿ.ಡಬ್ಲ್ಯು. ಪೆನ್ ಎಂಬವರು ಉದಕಮಂಡಲದಲ್ಲಿ ಸ್ಟುಡಿಯೋ ನಡೆಸಿ, ತೋಡರನ್ನೂ ಅವರ ಮಂದೆಗಳನ್ನೂ ಬೆಟ್ಟದ ನೋಟಗಳನ್ನೂ ಸೆರೆಹಿಡಿದರು. ಆದರೆ ಆ ಕಾಲದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಕುತ್ತಿತ್ತು. ಕೆಂಪು ತಾಕುತ್ತಲೇ ಇರಲಿಲ್ಲ. ಹೀಗಾಗಿ ಕಣ್ಣಿಗೆ ಉರಿಯುವಂತೆ ಕಂಡ ತಳಿರೆಲ್ಲ ಆ ಚಿತ್ರಗಳಲ್ಲಿ ಮಸಿಯಂತೆ ಕಪ್ಪಾಗಿಯೇ ಉಳಿಯಿತು. ಅಂದಿನ ಶೋಲಾ ಎಷ್ಟು ಹರಡಿತ್ತು, ಹುಲ್ಲುಗಾವಲು ಎಲ್ಲಿಯವರೆಗೆ ಇತ್ತು ಎಂಬುದನ್ನು ಹಳೆಯ ಚಿತ್ರಗಳು ಹೇಳಬಲ್ಲವು. ಆ ಕಾಡು ಯಾವ ತಿಂಗಳಲ್ಲಿ ಚಿಗುರುತ್ತಿತ್ತು ಎಂಬುದನ್ನು ಹೇಳಲಾರವು.

ಇಂದು ಆ ಪ್ರಶ್ನೆಗೆ ಬೆಲೆ ಬಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಂದು ನೆಟ್ಟ ನೀಲಗಿರಿ ಮರ ಮತ್ತು ವಾಟಲ್‌ಗಳು ಹುಲ್ಲುಗಾವಲಿನ ಬಹುಭಾಗವನ್ನು ನುಂಗಿವೆ. ಕೆಳಗಿನ ಮುದುಮಲೆ, ವಯನಾಡಿನ ಕಾಡುಗಳಲ್ಲಿ ಅಮೆರಿಕ ಖಂಡದ ಉಷ್ಣಪ್ರದೇಶಗಳಿಂದ ಬಂದ ಸೆನ್ನಾ ಸ್ಪೆಕ್ಟಾಬಿಲಿಸ್, ಮಲಯಾಳದವರ ಮಂಞಕ್ಕೊನ್ನ, ಹಬ್ಬಿಕೊಂಡಿದೆ. ಮಳೆಗಾಲದ ಕೊನೆಗೆ ಅದು ಹೊನ್ನಿನ ಬಣ್ಣದ ಹೂಗಳಿಂದ ತುಂಬುತ್ತದೆ. ಅಕ್ಟೋಬರಿನಲ್ಲಿ ಬಣ್ಣವನ್ನು ಅರಸಿ ಬಂದ ಪ್ರವಾಸಿಗಳು ಅದನ್ನೇ ನಮ್ಮ ಶರತ್ಕಾಲವೆಂದು ಬಗೆದು ಸಂತೋಷದಿಂದ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅದರ ನೆರಳಿನಲ್ಲಿ ಹುಲ್ಲು ಬೆಳೆಯದು; ಜಿಂಕೆಗೂ ಕಾಟಿಗೂ ಮೇವಿಲ್ಲ. ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳು ಅದನ್ನು ಕೀಳಿಸುವ ಕೆಲಸವನ್ನು ಕೈಗೊಂಡಿವೆ. ಚಂದವೆಂದು ಹಂಚಿಕೊಂಡ ಚಿತ್ರದ ಕೆಳಗೆ ಮರದ ಹೆಸರೊಂದನ್ನು ಬರೆದರೂ ನೋಡುವವರ ಕಣ್ಣು ತೆರೆದೀತು.

ಹೆಸರು, ದಿನಾಂಕ, ಸ್ಥಳ, ಈ ಮೂರು ಇಲ್ಲದ ಎಲೆಯ ಚಿತ್ರ ಅಲಂಕಾರಕ್ಕಷ್ಟೇ ಸಲ್ಲುತ್ತದೆ. ಈ ಮೂರೂ ಇದ್ದರೆ ಅದು ದಾಖಲೆ. 'ಸೀಸನ್‌ವಾಚ್' ಎಂಬ ಯೋಜನೆಯಲ್ಲಿ ಭಾರತದ ಹಲವೆಡೆ, ವಿಶೇಷವಾಗಿ ಕೇರಳದ ಶಾಲೆಗಳಲ್ಲಿ, ಮಕ್ಕಳು ಒಂದೊಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ಬರೆದಿಡುತ್ತಾರೆ. ಕ್ಯಾಮೆರಾ ಉಳ್ಳವರೂ ಹೀಗೆ ಮಾಡಬಹುದು. ಊರಿನ ಒಂದು ಮರ, ನಿಲ್ಲಲು ಒಂದು ಕಲ್ಲು, ವಾರದ ಒಂದು ದಿನ, ಒಂದೇ ಹೊತ್ತು. ಐದು ವರ್ಷಗಳ ಚಿತ್ರಗಳನ್ನು ಸಾಲಾಗಿಟ್ಟರೆ ಚಿಗುರು ಹಿಂದುಮುಂದಾದದ್ದು ಕಣ್ಣಿಗೇ ಕಾಣುತ್ತದೆ. ಇದಕ್ಕೆ ದುಬಾರಿ ಮಸೂರವೇನೂ ಬೇಕಿಲ್ಲ. ಮನೆಯಲ್ಲಿರುವ ಫೋನು ಸಾಕು.

ಹೊರಡುವವರಿಗೆ ಎರಡು ಮಾತು. 2024ರ ಮೇ ತಿಂಗಳಿನಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕ್ರಮ ಜಾರಿಗೆ ಬಂತು. ಮೊದಲೇ ವಿಚಾರಿಸಿ ಪಡೆದುಕೊಂಡು ಬನ್ನಿ. ಮುದುಮಲೆಯ ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ ಇಳಿಯುವಂತಿಲ್ಲ. ದಿಂಡಿಗ ಕೆಂಪಾದ ಹೊತ್ತಿನಲ್ಲಿ ಆನೆಗಳೂ ನೀರನ್ನರಸಿ ರಸ್ತೆ ದಾಟುತ್ತಿರುತ್ತವೆ. ಶೋಲಾದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಚಿತ್ರಕ್ಕೆ ಒಳಗೆ ಹೋಗುವ ಅಗತ್ಯವೂ ಇಲ್ಲ. ಚಿಗುರು ಇರುವುದು ಕಾಡಿನ ನೆತ್ತಿಯಲ್ಲಿ, ಅದು ಚೆನ್ನಾಗಿ ಕಾಣುವುದು ಎದುರಿನ ದಿಬ್ಬದ ರಸ್ತೆಯಿಂದ. ಫೆಬ್ರವರಿಯ ಮುಂಜಾನೆ ಅಲ್ಲಿ ನಿಲ್ಲುವವರು ಕೈಗವಸನ್ನು ಮರೆಯಬಾರದು. ಬೆರಳು ಮರಗಟ್ಟಿದರೆ ಗುಂಡಿಯನ್ನು ಒತ್ತುವುದೇ ಕಷ್ಟ. ಚಳಿಗೆ ಬ್ಯಾಟರಿಯೂ ಬೇಗ ಸೋಲುವುದರಿಂದ ಹೆಚ್ಚಿನದೊಂದನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿರಬೇಕು.