ರೈತನ ದಿನಚರಿ ಪುಸ್ತಕ: ಬರೆಯುವ ಕ್ರಮ ಮತ್ತು ರೂಢಿಸಿಕೊಳ್ಳುವ ಬಗೆ

ಬೇಸಾಯದಲ್ಲಿ ಕೆಲಸವನ್ನು ಹೇಗೆ ಮಾಡಬೇಕೆಂಬುದು ಎಷ್ಟು ಮುಖ್ಯವೋ, ಯಾವಾಗ ಮಾಡಬೇಕೆಂಬುದೂ ಅಷ್ಟೇ ಮುಖ್ಯ. ಒಳ್ಳೆಯ ಬೀಜ, ಸಾಕಷ್ಟು ಗೊಬ್ಬರ, ದುಡಿಯುವ ಕೈ ಇವೆಲ್ಲ ಇದ್ದರೂ ಹದ ತಪ್ಪಿದರೆ ಫಲ ಅರ್ಧಕ್ಕೆ ನಿಲ್ಲುತ್ತದೆ. ಇದು ರೈತರಿಗೆ ಹೊಸ ಮಾತಲ್ಲ. ಆದರೆ ಹದ ತಪ್ಪುವುದು ಯಾವಾಗಲೂ ಸೋಮಾರಿತನದಿಂದಲ್ಲ. ಹೆಚ್ಚಿನ ಸಲ ಅದು ಮರೆವಿನಿಂದ ಆಗುತ್ತದೆ. ಈ ಮರೆವಿಗೆ ಒಂದು ಸುಲಭವಾದ ಮದ್ದು ದಿನಚರಿ ಪುಸ್ತಕ. ಅದನ್ನು ಇಡುವ ಕ್ರಮವನ್ನೂ, ಇಟ್ಟದ್ದನ್ನು ಕೈಬಿಡದೆ ನಡೆಸುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ನೆನಪು ಏಕೆ ಸಾಲದು?

ನಮ್ಮ ಹಿರಿಯರು ಪುಸ್ತಕ ಬರೆಯದೆಯೇ ಬೇಸಾಯ ಮಾಡಲಿಲ್ಲವೇ ಎಂದು ಕೆಲವರು ಕೇಳಬಹುದು. ಮಾಡಿದರು, ನಿಜ. ಆದರೆ ಅವರ ಬಳಿಯೂ ಒಂದು ಕ್ಯಾಲೆಂಡರ್ ಇತ್ತು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಸುಮಾರು ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಬರುವ ಮಳೆ ನಕ್ಷತ್ರಗಳೇ ಆ ಕ್ಯಾಲೆಂಡರ್. ಯಾವ ಮಳೆಗೆ ಯಾವ ಬಿತ್ತನೆ ಎಂಬುದು ಊರಿಗೆಲ್ಲ ಗೊತ್ತಿದ್ದುದರಿಂದ, ಒಬ್ಬ ಮರೆತರೂ ಪಕ್ಕದ ಹೊಲದ ನೇಗಿಲು ನೆನಪಿಸುತ್ತಿತ್ತು.

ಇಂದು ಒಂದೇ ಮನೆಯಲ್ಲಿ ಎರಡು ಎಕರೆ ರಾಗಿ, ಒಂದಿಷ್ಟು ಅಡಿಕೆ ಅಥವಾ ತೆಂಗು, ಎರಡು ಮಿಶ್ರತಳಿ ಹಸು, ಸಹಕಾರ ಸಂಘದ ಸಾಲ, ಬೆಳೆ ವಿಮೆ ಎಲ್ಲವೂ ಇರುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕದ ದಿನಗಳು. ಹಸುವಿನ ಬೆದೆ ಮಳೆ ನಕ್ಷತ್ರವನ್ನು ನೋಡಿ ಬರುವುದಿಲ್ಲ. ಸಾಲದ ಗಡುವು ಸುಗ್ಗಿಗಾಗಿ ಕಾಯುವುದಿಲ್ಲ. ಪಕ್ಕದ ಹೊಲದವನು ಇವನ್ನು ನಮಗೆ ನೆನಪಿಸಲಾರ. ಆದುದರಿಂದ ಬರೆದಿಡುವುದು ಅಗತ್ಯ.

ಇನ್ನೊಂದು ಕಾರಣವೂ ಇದೆ. ಅನೇಕ ಮನೆಗಳಲ್ಲಿ ಕೊಟ್ಟದ್ದು, ತಂದದ್ದು, ಕೈಗಡ, ಮುಯ್ಯಾಳಿನ ಲೆಕ್ಕ ಎಲ್ಲವೂ ಯಜಮಾನನ ತಲೆಯಲ್ಲಿಯೇ ಇರುತ್ತವೆ. ಆತ ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಯಾವ ಹಸು ಎಷ್ಟು ತಿಂಗಳ ಗಬ್ಬ, ಸಂಘಕ್ಕೆ ಕಟ್ಟುವುದು ಯಾವತ್ತು, ಯಾರಿಂದ ಎಷ್ಟು ಬರಬೇಕು ಎಂಬುದು ಮನೆಯವರಿಗೆ ತಿಳಿಯದೆ ಕಂಗಾಲಾಗುತ್ತಾರೆ. ಪುಸ್ತಕವಿದ್ದರೆ ಹೆಂಡತಿಯೋ ಮಗಳೋ ಮಗನೋ ಕೆಲಸವನ್ನು ನಿಲ್ಲದಂತೆ ನಡೆಸಬಲ್ಲರು.

ಪುಸ್ತಕದ ನಾಲ್ಕು ಭಾಗಗಳು

ದುಬಾರಿ ಡೈರಿಯೇ ಬೇಕೆಂದಿಲ್ಲ. 200 ಪುಟದ ಗೆರೆ ಹಾಕಿದ ನೋಟ್‌ಬುಕ್ ಸಾಕು. ಅದನ್ನು ಹೀಗೆ ವಿಂಗಡಿಸಬೇಕು.

1. ವರ್ಷದ ಪುಟ: ತಿಂಗಳಿಗೆ ಒಂದು ಪುಟದಂತೆ ಮೊದಲ 12 ಪುಟಗಳನ್ನು ಬಿಡಿ. ಮುಂಚಿತವಾಗಿ ಗೊತ್ತಿರುವ ದಿನಗಳನ್ನೆಲ್ಲ ಇಲ್ಲಿ ಬರೆಯಿರಿ. ಸಾಲದ ಗಡುವು, ವಿಮಾ ಕಂತಿನ ಕೊನೆಯ ದಿನ, ಆರು ತಿಂಗಳಿಗೊಮ್ಮೆ ಹಾಕಿಸುವ ಕಾಲುಬಾಯಿ ಜ್ವರದ ಲಸಿಕೆ, ಮಣ್ಣು ಪರೀಕ್ಷೆ ಮುಂತಾದವು ಇಲ್ಲಿ ಸೇರುತ್ತವೆ.

2. ವಾರದ ಪುಟ: ಈ ವಾರ ಮಾಡಲೇಬೇಕಾದ ಕೆಲಸಗಳು. ಐದಾರಕ್ಕಿಂತ ಹೆಚ್ಚು ಬರೆಯಬೇಡಿ. ಮಳೆ ಬಂದರೆ ಮಾಡುವ ಕೆಲಸ, ಬಾರದಿದ್ದರೆ ಮಾಡುವ ಕೆಲಸ ಎಂದು ಎರಡು ಸಾಲು ಮಾಡಿಕೊಂಡರೆ ಬಿಡುವಿನ ದಿನ ವ್ಯರ್ಥವಾಗುವುದಿಲ್ಲ.

3. ದಿನದ ಸಾಲು: ಆ ದಿನ ನಡೆದದ್ದು. ಮಳೆ ಎಷ್ಟು, ಆಳು ಎಷ್ಟು, ಏನು ಹಾಕಿದೆವು, ಎಷ್ಟು ಖರ್ಚು, ಎಷ್ಟು ಆದಾಯ. ಎರಡು ಮೂರು ಸಾಲಿಗೆ ಮೀರದಿರಲಿ. ಮನೆಯವರ ದುಡಿಮೆಯನ್ನೂ ಆಳಿನ ಲೆಕ್ಕದಲ್ಲಿ ಬರೆಯಿರಿ. ಅದನ್ನು ಬಿಟ್ಟರೆ ನಷ್ಟದ ಬೆಳೆಯೂ ಲಾಭದಂತೆ ಕಾಣುತ್ತದೆ.

4. ರೂಢಿಯ ಚೌಕ: ಪ್ರತಿದಿನ ತಪ್ಪದೆ ಮಾಡಬೇಕಾದ ಸಣ್ಣ ಕೆಲಸಗಳಿಗೆ ಗುರುತು ಹಾಕುವ ಪುಟ. ಇದರ ವಿಚಾರ ಮುಂದೆ ಬರುತ್ತದೆ.

ಒಂದು ಉದಾಹರಣೆ: ಹಸುವಿನ ಪುಟ

ದಿನಚರಿಯ ಪ್ರಯೋಜನ ಕೊಟ್ಟಿಗೆಯಲ್ಲಿ ಬಹುಬೇಗ ಕಾಣುತ್ತದೆ. ಗಬ್ಬ ಕಟ್ಟದ ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಇದು 18ರಿಂದ 24 ದಿನಗಳವರೆಗೆ ಹೆಚ್ಚು ಕಡಿಮೆಯಾಗಬಹುದು. ಬೆದೆಯ ಲಕ್ಷಣಗಳು ಇರುವುದು ಕೆಲವೇ ಗಂಟೆಗಳು, ಸಾಮಾನ್ಯವಾಗಿ ಒಂದು ದಿನಕ್ಕೂ ಕಡಿಮೆ. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂಬುದು ನಿಯಮ.

ಜೂನ್ 5ರ ಬೆಳಿಗ್ಗೆ ಹಸು ಬೆದೆಗೆ ಬಂದು, ಅಂದು ಸಂಜೆ ಗರ್ಭಧಾರಣೆ ಮಾಡಿಸಿದಿರೆಂದು ಇಟ್ಟುಕೊಳ್ಳಿ. ಅದೇ ರಾತ್ರಿ ಪುಸ್ತಕ ತೆರೆದು ಮುಂದಿನ ತಿಂಗಳುಗಳ ಪುಟಗಳಲ್ಲಿ ಹೀಗೆ ಬರೆಯಿರಿ.

ಜೂನ್ 23ರಿಂದ 29: ಮತ್ತೆ ಬೆದೆಗೆ ಬರುವುದೇ ಎಂದು ಬೆಳಿಗ್ಗೆ ಸಂಜೆ ನೋಡುವುದು.
ಆಗಸ್ಟ್ 20ರ ಸುಮಾರು: ಪಶುವೈದ್ಯರಿಂದ ಗರ್ಭ ಪರೀಕ್ಷೆ.
ಮುಂದಿನ ವರ್ಷದ ಜನವರಿ 11: ಹಾಲು ಬತ್ತಿಸುವುದು.
ಮಾರ್ಚ್ 12ರ ಸುಮಾರು: ಕರು ಹಾಕುವ ದಿನ.

ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಕರು ಹಾಕುವುದಕ್ಕೆ 60 ದಿನ ಮೊದಲು ಹಾಲು ಬತ್ತಿಸಬೇಕು. ಈ ಎರಡು ಲೆಕ್ಕಗಳಿಂದ ಮೇಲಿನ ದಿನಗಳು ದೊರೆತಿವೆ. ಎಮ್ಮೆಯಾದರೆ ಗರ್ಭದ ಅವಧಿ ಸುಮಾರು 310 ದಿನ ಎಂದು ಹಿಡಿಯಬೇಕು. ಎಮ್ಮೆಗಳಲ್ಲಿ ಬೆದೆಯ ಲಕ್ಷಣ ಸ್ಪಷ್ಟವಾಗಿ ಕಾಣದಿರುವುದೂ ಉಂಟಾದ್ದರಿಂದ ಅವುಗಳಿಗೆ ದಿನದ ಗುರುತು ಇನ್ನೂ ಹೆಚ್ಚು ಉಪಯುಕ್ತ.

ಐದು ನಿಮಿಷದ ಈ ಬರವಣಿಗೆಯಿಂದ ಒಂಬತ್ತು ತಿಂಗಳ ಕೆಲಸ ಗೊತ್ತಾಯಿತು. ಬರೆಯದೆ ಒಂದು ಬೆದೆ ತಪ್ಪಿದರೆ 21 ದಿನ ಹಸುವನ್ನು ಹಾಗೆಯೇ ಸಾಕಬೇಕು. ದಿನಕ್ಕೆ ಮೇವು ಹಿಂಡಿಗೆ 150 ರೂಪಾಯಿ ಎಂದು ಹಿಡಿದರೂ 3,150 ರೂಪಾಯಿ ಖರ್ಚು. ಒಂದು ನೋಟ್‌ಬುಕ್ಕಿನ ಬೆಲೆ ಎಷ್ಟೆಂದು ಹೋಲಿಸಿ ನೋಡಿ.

ಹೊಲ ಮತ್ತು ತೋಟದ ಪುಟ

ಪೈರಿನಲ್ಲಿಯೂ ಒಂದು ಕೆಲಸದ ದಿನದಿಂದ ಮುಂದಿನ ಕೆಲಸದ ದಿನ ಹುಟ್ಟುತ್ತದೆ. ರಾಗಿಯ ಸಸಿಮಡಿ ಹಾಕಿದ ದಿನವನ್ನು ಬರೆದರೆ, 21ರಿಂದ 25 ದಿನಗಳ ಎಳೆಯ ಪೈರನ್ನು ನಾಟಿ ಮಾಡಲು ಗದ್ದೆ ಹೊಲ ಯಾವಾಗ ಸಿದ್ಧವಾಗಿರಬೇಕೆಂದು ತಿಳಿಯುತ್ತದೆ, ಆಳುಗಳಿಗೆ ಮೊದಲೇ ಹೇಳಿಡಬಹುದು. ಅಡಿಕೆಯ ಕೊಳೆರೋಗಕ್ಕೆ ಮುಂಗಾರು ಹಿಡಿಯುವ ಮುನ್ನ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಿ, 40ರಿಂದ 45 ದಿನಗಳ ನಂತರ ಎರಡನೆಯ ಸಲ ಸಿಂಪಡಿಸಬೇಕು. ಮೊದಲ ಸಿಂಪರಣೆ ಜೂನ್ 2ರಂದು ಆಗಿದ್ದರೆ ಎರಡನೆಯದು ಜುಲೈ 12ರಿಂದ 17ರೊಳಗೆ. ಆ ಹೊತ್ತಿಗೆ ಮೈಲುತುತ್ತ, ಸುಣ್ಣ ಮನೆಯಲ್ಲಿರಬೇಕು, ಮರ ಹತ್ತುವವರನ್ನು ಗೊತ್ತು ಮಾಡಿರಬೇಕು. ಹಾಗಾಗಿ ಜುಲೈ 5ರ ಪುಟದಲ್ಲಿಯೇ ಒಂದು ಎಚ್ಚರಿಕೆ ಬರೆದಿಡುವುದು ಜಾಣತನ. ಮಳೆಯ ನಡುವೆ ಬಿಸಿಲು ಸಿಕ್ಕಿದ ದಿನ ಅಂಗಡಿಗೆ ಓಡುವುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ.

ಕೀಟನಾಶಕ ಸಿಂಪಡಿಸಿದಾಗ ಔಷಧಿಯ ಹೆಸರು, ಪ್ರಮಾಣ, ದಿನ ಮೂರನ್ನೂ ಬರೆಯತಕ್ಕದ್ದು. ಸಿಂಪರಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ಡಬ್ಬಿಯ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಆ ದಿನ ಕಳೆಯದೆ ಕಿತ್ತ ಟೊಮ್ಯಾಟೊ, ಬದನೆಯನ್ನು ತಿನ್ನುವವರಲ್ಲಿ ನಮ್ಮ ಮಕ್ಕಳೂ ಇರುತ್ತಾರೆ. ಹಸುವಿಗೆ ಚುಚ್ಚುಮದ್ದು ಕೊಡಿಸಿದಾಗಲೂ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದೆಂದು ವೈದ್ಯರನ್ನು ಕೇಳಿ ಆ ದಿನವನ್ನು ಬರೆದುಕೊಳ್ಳಿ.

ಹಣದ ಗಡುವುಗಳು

ಬಡ್ಡಿ ರಿಯಾಯಿತಿಯುಳ್ಳ ಬೆಳೆ ಸಾಲಗಳಲ್ಲಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಪೂರ್ಣ ರಿಯಾಯಿತಿ ಸಿಗುತ್ತದೆ. ಶೇಕಡ 7ರ ಬಡ್ಡಿಯಲ್ಲಿ ಶೇಕಡ 3 ಬಿಟ್ಟುಕೊಡುವ ಸಾಲವಾದರೆ, ಒಂದು ಲಕ್ಷ ರೂಪಾಯಿಗೆ ವರ್ಷಕ್ಕೆ 3,000 ರೂಪಾಯಿ ಉಳಿತಾಯ. ಕೆಲವೇ ದಿನ ತಡವಾದರೂ ಅದು ಕೈತಪ್ಪಬಹುದು. ಆದ್ದರಿಂದ ಗಡುವಿನ ದಿನವನ್ನಷ್ಟೇ ಅಲ್ಲ, ಅದಕ್ಕೆ ಒಂದು ತಿಂಗಳು ಮೊದಲಿನ ದಿನವನ್ನೂ ಗುರುತು ಮಾಡಿ. ಹಣ ಹೊಂದಿಸಲು ಸಮಯ ಬೇಕಲ್ಲವೇ?

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ, ನೆರೆಯಂತಹ ಸ್ಥಳೀಯ ವಿಕೋಪದಿಂದ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಅಂತಹ ಹೊತ್ತಿನಲ್ಲಿ ರಸೀದಿ ಹುಡುಕುವುದರಲ್ಲೇ ಒಂದು ದಿನ ಹೋಗಬಾರದು. ವಿಮೆಯ ಅರ್ಜಿ ಸಂಖ್ಯೆ, ಸರ್ವೆ ನಂಬರು, ಬಿತ್ತನೆಯ ದಿನ, ತಿಳಿಸಬೇಕಾದ ದೂರವಾಣಿ ಸಂಖ್ಯೆ ಇವನ್ನು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡಿ.

ರೂಢಿಯ ಚೌಕ

ಪುಸ್ತಕ ಕೊಳ್ಳುವುದು ಸುಲಭ. ಅದನ್ನು ಬಿಡದೆ ಬರೆಯುವುದು ಕಷ್ಟ. ಯುಗಾದಿಗೆ ಶುರುವಾದ ಎಷ್ಟೋ ಲೆಕ್ಕದ ಪುಸ್ತಕಗಳು ಕಾರಹುಣ್ಣಿಮೆಯ ಹೊತ್ತಿಗೆ ಅಟ್ಟ ಸೇರುತ್ತವೆ. ಇದಕ್ಕೆ ರೂಢಿಯ ಚೌಕವೇ ಪರಿಹಾರ.

ಒಂದು ಪುಟದಲ್ಲಿ ಮೇಲಿನಿಂದ ಕೆಳಕ್ಕೆ ನಾಲ್ಕೈದು ಕೆಲಸ, ಎಡದಿಂದ ಬಲಕ್ಕೆ 1ರಿಂದ 31ರವರೆಗೆ ದಿನಗಳು. ಮಾಡಿದ ದಿನ ಚೌಕದಲ್ಲಿ ಒಂದು ಗುರುತು. ಬೆಳಿಗ್ಗೆ ಸಂಜೆ ಬೆದೆ ನೋಡುವುದು, ಕೆಚ್ಚಲು ತೊಳೆಯುವುದು, ಹೊಲ ಸುತ್ತಿ ಕೀಟ ನೋಡುವುದು, ದಿನದ ಸಾಲು ಬರೆಯುವುದು ಇಂತಹವು ಸಾಕು. ಓದು ಬರಹ ಬಾರದವರೂ ಈ ಪುಟದಲ್ಲಿ ಚುಕ್ಕಿ ಇಡಬಲ್ಲರು. ಕೊಟ್ಟಿಗೆಯ ಕೆಲಸ ಹೆಚ್ಚಾಗಿ ಹೆಂಗಸರದೇ ಆದುದರಿಂದ ಪುಸ್ತಕ ಅವರ ಕೈಗೆ ಎಟಕುವಲ್ಲಿ ಇರಬೇಕು. ಈ ಪದ್ಧತಿ ಹಳೆಯದೇ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 18ನೆಯ ಶತಮಾನದಲ್ಲಿಯೇ ತಾನು ಬೆಳೆಸಿಕೊಳ್ಳಬೇಕೆಂದ 13 ಗುಣಗಳನ್ನು ಪಟ್ಟಿ ಮಾಡಿ, ತಪ್ಪಿದ ದಿನ ಚುಕ್ಕಿ ಇಡುತ್ತಿದ್ದುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾನೆ.

ರೂಢಿ ಬೇರೂರಲು ಎಷ್ಟು ದಿನ ಬೇಕು? 2010ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ 96 ಜನರನ್ನು 12 ವಾರ ಗಮನಿಸಲಾಯಿತು. ಹೊಸ ಕೆಲಸ ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ನಡುಮಟ್ಟದಲ್ಲಿ 66 ದಿನ ಬೇಕೆಂದು ಕಂಡುಬಂತು. ಆದರೆ ಜನದಿಂದ ಜನಕ್ಕೆ ಇದು 18 ದಿನದಿಂದ 254 ದಿನಗಳವರೆಗೆ ಬದಲಾಗುವುದೆಂದು ಅಂದಾಜಿಸಲಾಯಿತು. ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲವೆಂಬುದೂ ತಿಳಿಯಿತು. ಇದರಿಂದ ನಾವು ಕಲಿಯಬೇಕಾದ್ದು ಎರಡು: ಎರಡು ತಿಂಗಳಾದರೂ ತಾಳ್ಮೆಯಿಂದ ನಡೆಸಬೇಕು, ಒಂದು ದಿನ ತಪ್ಪಿತೆಂದು ಪುಸ್ತಕವನ್ನು ಬಿಸಾಡಬಾರದು.

ಇನ್ನೊಂದು ಉಪಾಯ, ಹೊಸ ಕೆಲಸವನ್ನು ಹಳೆಯ ಕೆಲಸಕ್ಕೆ ಗಂಟು ಹಾಕುವುದು. "ಬಿಡುವಾದಾಗ ಬರೆಯುತ್ತೇನೆ" ಎಂದರೆ ಬಿಡುವು ಬರುವುದೇ ಇಲ್ಲ. "ರಾತ್ರಿ ಊಟ ಮಾಡಿ ಕೈ ತೊಳೆದ ಕೂಡಲೇ ಬರೆಯುತ್ತೇನೆ" ಎಂದು ಗೊತ್ತು ಮಾಡಿಕೊಳ್ಳಬೇಕು. ಹೀಗೆ ಹೊತ್ತು ಮತ್ತು ಸ್ಥಳವನ್ನು ಮೊದಲೇ ನಿಶ್ಚಯಿಸಿಕೊಂಡವರು ಕೆಲಸವನ್ನು ಹೆಚ್ಚಾಗಿ ಪೂರೈಸುತ್ತಾರೆಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ವಿವರಿಸಿದ್ದಾರೆ. ಪೆನ್ನನ್ನು ದಾರದಿಂದ ಪುಸ್ತಕಕ್ಕೆ ಕಟ್ಟಿ, ಪುಸ್ತಕವನ್ನು ಊಟದ ಜಾಗದ ಗೋಡೆಗೆ ತೂಗುಹಾಕಿದರೆ ಕೆಲಸ ಇನ್ನೂ ಸುಲಭ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲ ದಿನವೇ ಇಪ್ಪತ್ತು ಅಂಕಣ ಎಳೆಯುವುದು. ವಾರದ್ದನ್ನೆಲ್ಲ ಭಾನುವಾರ ಒಟ್ಟಿಗೆ ನೆನಪಿಸಿಕೊಂಡು ಬರೆಯುವುದು. ಖರ್ಚನ್ನು ಮಾತ್ರ ಬರೆದು ಮನೆಗೆ ಬಳಸಿದ ರಾಗಿ, ಹಾಲನ್ನು ಬಿಡುವುದು. ಚೀಟಿಗಳಲ್ಲಿ ಬರೆದು ಜೇಬಿನಲ್ಲಿಟ್ಟು ಅಂಗಿಯೊಂದಿಗೆ ಒಗೆಯುವುದು. ಇವನ್ನು ತಪ್ಪಿಸಬೇಕು. ಮೊಬೈಲ್ ಫೋನಿನಲ್ಲಿ ಬರೆಯಬಹುದೇ ಎಂದರೆ, ದಿನ ನೆನಪಿಸಲು ಅಲಾರಂ ಇಡುವುದಕ್ಕೂ ರಸೀದಿಯ ಚಿತ್ರ ತೆಗೆದಿಡುವುದಕ್ಕೂ ಅದು ಒಳ್ಳೆಯದು. ಆದರೆ ಫೋನು ಒಬ್ಬರ ಜೇಬಿನಲ್ಲಿರುತ್ತದೆ, ಪುಸ್ತಕ ಮನೆಯವರೆಲ್ಲರದು. ಎರಡೂ ಇದ್ದರೆ ಉತ್ತಮ.

ವಾರಕ್ಕೊಮ್ಮೆ ಕಾಲು ಗಂಟೆ ಮನೆಯವರೆಲ್ಲ ಕೂತು ಕಳೆದ ವಾರವನ್ನು ಓದಿ ಮುಂದಿನ ವಾರವನ್ನು ಬರೆಯಬೇಕು. ವರ್ಷದ ಕೊನೆಗೆ ಬೆಳೆವಾರು ಖರ್ಚು ಮತ್ತು ಆದಾಯವನ್ನು ಕೂಡಿದಾಗ ಯಾವ ಬೆಳೆ ಮನೆಯನ್ನು ನಡೆಸಿತು, ಯಾವುದು ಬರೀ ದುಡಿಸಿತು ಎಂಬುದು ಅಂಕಿಗಳಲ್ಲೇ ಕಾಣುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ರೈತರ ಪುಸ್ತಕವನ್ನು ತಪಾಸಣೆ ಮಾಡುವಂತೆ ನೋಡಬಾರದು. ಅವರೊಂದಿಗೆ ಕೂತು ಓದಬೇಕು. "ನಾಟಿಯಾದ ದಿನ ಯಾವುದು, ಗೊಬ್ಬರ ಕೊಟ್ಟದ್ದು ಯಾವಾಗ" ಎಂದು ಪುಸ್ತಕದಿಂದಲೇ ಕೇಳಿ ಸಲಹೆ ಕೊಟ್ಟರೆ, ಬರೆದದ್ದರ ಬೆಲೆ ರೈತರಿಗೆ ತಾನಾಗಿಯೇ ತಿಳಿಯುತ್ತದೆ. ಊರಿನಲ್ಲಿ ಐದಾರು ಮಂದಿ ಒಟ್ಟಿಗೆ ಆರಂಭಿಸಿದರೆ ಒಬ್ಬರನ್ನು ನೋಡಿ ಒಬ್ಬರು ಮುಂದುವರಿಸುತ್ತಾರೆ.

ಹನಿ ಹನಿ ಗೂಡಿದರೆ ಹಳ್ಳ ಎಂಬಂತೆ ದಿನಕ್ಕೆ ಮೂರು ಸಾಲು ಸೇರಿ ವರ್ಷಕ್ಕೆ ಒಂದು ಹೊಲದ ಪೂರ್ಣ ಚರಿತ್ರೆಯಾಗುತ್ತದೆ. ಹೊಸ ವರ್ಷಕ್ಕಾಗಿ ಕಾಯಬೇಕಿಲ್ಲ. ಇಂದು ರಾತ್ರಿಯೇ ಮಗುವಿನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ತೆಗೆದುಕೊಂಡು ಮೂರು ವಿಷಯ ಬರೆಯಿರಿ: ಸಾಲದ ಗಡುವು, ಹಸುವಿನ ಕೊನೆಯ ಬೆದೆಯ ದಿನ, ನಾಳೆ ಮಾಡಬೇಕಾದ ಮೊದಲ ಕೆಲಸ.