ಗಡಿಯಾರದ ನಡೆ

ಎರಡು ಗಡಿಯಾರಗಳಿವೆಯೆಂದು ಭಾವಿಸೋಣ. ಮೊದಲನೆಯದು ಪ್ರತಿದಿನವೂ ತಪ್ಪದೆ 5 ಸೆಕೆಂಡು ಹಿಂದೆ ಬೀಳುತ್ತದೆ. ಎರಡನೆಯದು ಒಂದು ದಿನ 3 ಸೆಕೆಂಡು ಮುಂದೆ ಓಡಿದರೆ ಮರುದಿನ 2 ಸೆಕೆಂಡು ಹಿಂದುಳಿಯುತ್ತದೆ; ಮತ್ತೊಂದು ದಿನ ಸರಿಯಾಗಿಯೇ ಇರುತ್ತದೆ. ಇವುಗಳಲ್ಲಿ ಉತ್ತಮವಾದುದು ಯಾವುದು? ಎರಡನೆಯದೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಕಾಲಮಾಪನವನ್ನು ಬಲ್ಲವರು ಮೊದಲನೆಯದನ್ನೇ ಆರಿಸುತ್ತಾರೆ. ಹತ್ತು ದಿನಗಳಾದ ಮೇಲೆ 50 ಸೆಕೆಂಡು ಕೂಡಿಸಿಕೊಂಡರೆ ಅದರಿಂದ ನಿಜವಾದ ವೇಳೆ ದೊರೆಯುತ್ತದೆ. ಎರಡನೆಯದರ ತಪ್ಪಿಗೆ ಲೆಕ್ಕವೇ ಇಲ್ಲ. ನಡೆಯ ಈ ಏಕರೂಪತೆಗೆ ಸ್ಥಿರತೆಯೆಂದು ಹೆಸರು.

ಹದಿನೆಂಟನೆಯ ಶತಮಾನದ ನಾವಿಕರಿಗೆ ಇದು ಜೀವನ್ಮರಣದ ಪ್ರಶ್ನೆಯಾಗಿದ್ದಿತು. ಭೂಮಿಯು 4 ಮಿನಿಟಿಗೆ ಒಂದು ಡಿಗ್ರಿಯಷ್ಟು ತಿರುಗುತ್ತದೆ. ಹಡಗು ಇರುವೆಡೆಯ ವೇಳೆಯನ್ನು ಸೂರ್ಯನಿಂದಲೂ ಹೊರಟ ಬಂದರಿನ ವೇಳೆಯನ್ನು ಗಡಿಯಾರದಿಂದಲೂ ತಿಳಿದು, ಅವುಗಳ ಅಂತರದಿಂದ ರೇಖಾಂಶವನ್ನು ಕಂಡುಕೊಳ್ಳಬಹುದು. ಗಡಿಯಾರವು ಒಂದೇ ಮಿನಿಟು ತಪ್ಪಿದರೂ ಸಮಭಾಜಕದ ಬಳಿ ಸ್ಥಾನದ ಲೆಕ್ಕವು ಸುಮಾರು 28 ಕಿಲೋಮೀಟರು ತಪ್ಪುತ್ತದೆ. ಕತ್ತಲಲ್ಲಿ ಹಡಗು ಬಂಡೆಗೆ ಬಡಿಯಲು ಅಷ್ಟೇ ಸಾಕು.

ಇದಕ್ಕೆ ಉಪಾಯ ಕಂಡುಹಿಡಿದವರಿಗೆ 20,000 ಪೌಂಡುಗಳವರೆಗೆ ಬಹುಮಾನವನ್ನು 1714ರಲ್ಲಿ ಬ್ರಿಟಿಷ್ ಸಂಸತ್ತು ಸಾರಿತು. ಜಾನ್ ಹ್ಯಾರಿಸನ್ ಎಂಬ ಬಡಗಿಯು ದಶಕಗಳ ಕಾಲ ಶ್ರಮಿಸಿ ರಚಿಸಿದ ಗಡಿಯಾರವು 1761ರಲ್ಲಿ ಜಮೈಕಾಕ್ಕೆ ಪಯಣಿಸಿತು. ಅದರ ದಿನದಿನದ ನಡೆಯನ್ನು ಲೆಕ್ಕಕ್ಕೆ ಹಿಡಿದಾಗ ಉಳಿದ ತಪ್ಪು ಸುಮಾರು 5 ಸೆಕೆಂಡು ಮಾತ್ರ! ಆದರೂ ಪರೀಕ್ಷಕ ಮಂಡಲಿಗೆ ತೃಪ್ತಿಯಾಗಲಿಲ್ಲ. 1764ರಲ್ಲಿ ಬಾರ್ಬಡೋಸಿಗೆ ಇನ್ನೊಂದು ಯಾತ್ರೆ ನಡೆಯಿತು. ಈ ಸಲ ಗಡಿಯಾರವು ದಿನಕ್ಕೆ 1 ಸೆಕೆಂಡು ಮುಂದೆ ಹೋಗುವುದೆಂದು ಹ್ಯಾರಿಸನ್ ಮುಂಚಿತವಾಗಿಯೇ ತಿಳಿಸಿದ್ದನು. 47 ದಿನಗಳ ತರುವಾಯ ತಪ್ಪು ಸುಮಾರು 39 ಸೆಕೆಂಡು. ಬಹುಮಾನದ ಮಿತಿಯಾದ 2 ಮಿನಿಟಿಗಿಂತ ಬಹು ಕಡಿಮೆ.

ಕ್ರಮೇಣ ಚಕ್ರದ ಓಲಾಟದ ಸ್ಥಾನಕ್ಕೆ ಕ್ವಾರ್ಟ್ಜ್ ಹರಳಿನ ಕಂಪನವೂ ಅನಂತರ ಪರಮಾಣುವೂ ಬಂದವು. ಸೀಸಿಯಂ ಪರಮಾಣುವಿನ ವಿಕಿರಣವು 919,26,31,770 ಸಲ ಕಂಪಿಸುವ ಅವಧಿಯೇ ಒಂದು ಸೆಕೆಂಡೆಂದು 1967ರಲ್ಲಿ ನಿಶ್ಚಯವಾಯಿತು. ಒಂದು ಸೆಕೆಂಡಿನಲ್ಲಿ ನಡೆಯುವ ಕಂಪನಗಳ ಸಂಖ್ಯೆಯೇ ಆವೃತ್ತಿ. ಆದರೆ ಯಾವ ಗಡಿಯಾರವೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಾರದು. ಅದನ್ನು ಮತ್ತೊಂದರೊಡನೆ ಹೋಲಿಸಬೇಕು. 1966ರಲ್ಲಿ ಅಮೆರಿಕದ ಡೇವಿಡ್ ಅಲನ್ ಪ್ರಕಟಿಸಿದ ವಿಧಾನದಂತೆ, ಒಂದು ಅವಧಿಯ ಸರಾಸರಿ ಆವೃತ್ತಿಯನ್ನು ಅದರ ಮುಂದಿನ ಅವಧಿಯ ಸರಾಸರಿಯೊಡನೆ ಮತ್ತೆ ಮತ್ತೆ ಹೋಲಿಸಲಾಗುತ್ತದೆ. ವ್ಯತ್ಯಾಸಗಳು ಚಿಕ್ಕವಾದಷ್ಟೂ ಸ್ಥಿರತೆ ಹೆಚ್ಚು. ಅವಧಿ ಬದಲಾದರೆ ತೀರ್ಪೂ ಬದಲಾಗಬಹುದು: ಕೆಲವು ಕ್ಷಣ ಸ್ಥಿರವಾಗಿರುವ ಹರಳು ತಿಂಗಳುಗಳು ಕಳೆದಂತೆ ಮೆಲ್ಲನೆ ತನ್ನ ನಡೆಯನ್ನು ಬದಲಿಸುತ್ತದೆ.

ಇಂದು ದಾರಿ ತೋರುವ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದ ಲೆಕ್ಕವು 300 ಮೀಟರು ತಪ್ಪುತ್ತದೆ. ಗಡಿಯಾರ ನಿನ್ನೆ ನಡೆದಂತೆಯೇ ಇಂದೂ ನಡೆಯುವುದೇ ಎಂಬ ಹ್ಯಾರಿಸನ್ನನ ಕಾಲದ ಪ್ರಶ್ನೆಯನ್ನೇ ಅವುಗಳಿಗೂ ಪ್ರತಿದಿನ ಕೇಳಲಾಗುತ್ತಿದೆ.