ರಕ್ತದೊತ್ತಡ: ಎರಡು ಸಂಖ್ಯೆಗಳು, ಅವುಗಳ ನಡುವಿನ ಅಂತರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ಭಕ್ತರ ಮನೆಗಳಲ್ಲಿ ರಕ್ತದೊತ್ತಡದ ಗುಳಿಗೆ ಸೇವಿಸುವ ಹಿರಿಯರು ಅನೇಕರಿದ್ದಾರೆ. ‘ಬಿ.ಪಿ. ಎಷ್ಟಿದೆ?’ ಎಂದು ವಿಚಾರಿಸಿದರೆ ಹೆಚ್ಚಿನವರು ಮೇಲಿನ ಸಂಖ್ಯೆಯೊಂದನ್ನೇ ಹೇಳುತ್ತಾರೆ. ಕೆಲವರು ‘ಕೆಳಗಿಂದು ಬರೋಬ್ಬರಿ ಐತ್ರಿ, ಚಿಂತಿಲ್ಲ’ ಎಂದು ಸಮಾಧಾನ ತಾಳುತ್ತಾರೆ. ಈ ಸಮಾಧಾನವು ಎಷ್ಟು ಸರಿ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಹೃದಯವು ಸಂಕುಚಿಸಿ ರಕ್ತವನ್ನು ಹೊರದೂಡುವಾಗ ಧಮನಿಗಳಲ್ಲಿ ಉಂಟಾಗುವ ಒತ್ತಡವೇ ಮೇಲಿನ ಸಂಖ್ಯೆ. ಹೃದಯವು ವಿರಮಿಸುವಾಗ ಉಳಿಯುವ ಒತ್ತಡ ಕೆಳಗಿನ ಸಂಖ್ಯೆ. ಆರೋಗ್ಯವಂತ ಮಹಾಧಮನಿಯು ರಬ್ಬರಿನಂತೆ ಹಿಗ್ಗುವ ಗುಣವುಳ್ಳದ್ದು. ರಕ್ತ ಬಂದಾಗ ಹಿಗ್ಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಹೃದಯ ವಿರಮಿಸಿದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ನೂಕುತ್ತದೆ. ವಯಸ್ಸು, ಬಹುಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇವುಗಳಿಂದ ಧಮನಿಯು ಪೆಡಸಾಗುತ್ತದೆ. ಹೊಲದ ಬಿಸಿಲಿಗೆ ಬಿದ್ದ ಹಳೆಯ ಪೈಪು ಹಿಗ್ಗುವ ಗುಣ ಕಳೆದುಕೊಳ್ಳುವಂತೆಯೇ ಇದು. ಆಗ ಮೇಲಿನ ಸಂಖ್ಯೆ ಏರುತ್ತದೆ; ಕೆಳಗಿನದು ಇದ್ದಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ.

ಆದ್ದರಿಂದ ಇವೆರಡರ ಅಂತರವು ಮುಖ್ಯವಾದುದು. ಇದನ್ನು ವೈದ್ಯರು ನಾಡಿ ಒತ್ತಡವೆನ್ನುತ್ತಾರೆ. 124/80 ಇದ್ದವರಲ್ಲಿ ಅಂತರ 44. 164/78 ಇದ್ದ ಹಿರಿಯರಲ್ಲಿ ಅಂತರ 86. ಇವರ ಕೆಳಗಿನ ಸಂಖ್ಯೆ ಸರಿಯಾಗಿದೆ ಎನಿಸಿದರೂ ಧಮನಿಗಳು ಪೆಡಸಾಗಿರುವ ಸೂಚನೆ ಇಲ್ಲಿದೆ. ಹಿರಿಯರಲ್ಲಿ ಅಂತರವು ಸತತವಾಗಿ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ಗಮನಕ್ಕೆ ತರಬೇಕು. ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ಹಾನಿ ಇವು ಮುನ್ಸೂಚನೆ ನೀಡದೆಯೇ ಬರಬಲ್ಲವು. ‘ಏನೂ ತ್ರಾಸಿಲ್ಲ’ ಎಂದು ಗುಳಿಗೆ ನಿಲ್ಲಿಸುವುದು ಈ ಕಾರಣದಿಂದಲೇ ಅಪಾಯಕರ.

ದೊಡ್ಡ ಆಸ್ಪತ್ರೆಗಳಲ್ಲಿ ನಾಡಿಯ ಅಲೆಯು ಕುತ್ತಿಗೆಯಿಂದ ತೊಡೆಯ ಸಂದಿಗೆ ಸಾಗುವ ವೇಗವನ್ನು ಅಳೆದು ಪೆಡಸುತನವನ್ನು ತಿಳಿಯುತ್ತಾರೆ. ಧಮನಿ ಪೆಡಸಾದಷ್ಟೂ ಅಲೆ ವೇಗವಾಗಿ ಸಾಗುತ್ತದೆ. ಸೆಕೆಂಡಿಗೆ 10 ಮೀಟರಿಗೆ ಮೀರಿದರೆ ಅದು ಹೆಚ್ಚೆಂದು ಪರಿಗಣಿತ. ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ತೋಳಿನ ಪಟ್ಟಿಯ ಸಾಧಾರಣ ಯಂತ್ರದಿಂದ ಎರಡೂ ಸಂಖ್ಯೆಗಳನ್ನು ಕ್ರಮವಾಗಿ ಬರೆದಿಟ್ಟರೆ ವೈದ್ಯರಿಗೆ ಬಹಳಷ್ಟು ತಿಳಿಯುತ್ತದೆ.

ಅಳೆಯುವ ಕ್ರಮ ಹೀಗಿರಲಿ. ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಪ್ರಸಾದಕ್ಕೂ ಗುಳಿಗೆಗೂ ಮುನ್ನ, ಮತ್ತು ಸಂಜೆ ಒಮ್ಮೆ ಅಳೆಯಬೇಕು. ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು ಬೇಡ. ಮೂತ್ರ ವಿಸರ್ಜಿಸಿ, ಕುರ್ಚಿಯಲ್ಲಿ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ 5 ನಿಮಿಷ ಮೌನವಾಗಿ ಕುಳಿತಿರಬೇಕು. ಪಟ್ಟಿಯನ್ನು ಅಂಗಿಯ ಮೇಲೆ ಕಟ್ಟದೆ ಬರಿ ತೋಳಿಗೆ ಕಟ್ಟಿ, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಡಬೇಕು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು, ದಿನಾಂಕ ಸಹಿತ ಬರೆಯಬೇಕು. ಹೀಗೆ 7 ದಿನ ಬರೆದ ವಹಿಯನ್ನು ವೈದ್ಯರಿಗೆ ತೋರಿಸಬೇಕು. ಮನೆಯ ಸರಾಸರಿಯು 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ತದೊತ್ತಡ ಹೆಚ್ಚೆಂದೇ ಅರ್ಥ. ಮನೆಯಲ್ಲಿ ಯಂತ್ರವಿಲ್ಲದವರು ಸಮೀಪದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಬಹುದು. 30 ವರ್ಷ ದಾಟಿದವರಿಗೆ ಅಲ್ಲಿ ಉಚಿತ ತಪಾಸಣೆಯಿದೆ.

ಪೆಡಸುತನವನ್ನು ತಗ್ಗಿಸಲು ಸಾಧ್ಯವೇ? ನಮ್ಮ ವಿಜಯಪುರದ ಬಿ.ಎಲ್.ಡಿ.ಇ. ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದೇ ವಿಷಯವಾಗಿ ಅಧ್ಯಯನವೊಂದನ್ನು ಪ್ರಕಟಿಸಿದರು. ನಾಡಿ ಒತ್ತಡ ಹೆಚ್ಚಿದ್ದ ಹಿರಿಯರಲ್ಲಿ ಒಂದು ಗುಂಪು 3 ತಿಂಗಳು ಯೋಗಾಭ್ಯಾಸವನ್ನೂ, ಇನ್ನೊಂದು ಗುಂಪು ಬಿರುಸಿನ ನಡಿಗೆಯನ್ನೂ ಮಾಡಿತು. ಯೋಗಾಭ್ಯಾಸಿಗಳಲ್ಲಿ ಧಮನಿಗಳ ಪೆಡಸುತನವೂ ರಕ್ತದೊತ್ತಡವೂ ಹೆಚ್ಚು ಇಳಿದುದು ಕಂಡುಬಂತು. ಅದು ಸಣ್ಣ ಗುಂಪಿನ ಅಧ್ಯಯನ. ಯೋಗವು ಗುಳಿಗೆಗೆ ಬದಲಿಯಲ್ಲ, ಅದರ ಜೊತೆಗಾರ.

ಉಪ್ಪಿನ ವಿಷಯದಲ್ಲಿ ನಾವು ಎಚ್ಚರ ವಹಿಸಲೇಬೇಕು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೋಳದ ರೊಟ್ಟಿಯಿಂದ ದೋಷವಿಲ್ಲ. ಅದರ ಜೊತೆಗಿನ ಕೆಂಪು ಚಟ್ನಿ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳಗಳಲ್ಲಿ ಉಪ್ಪು ಅಡಗಿರುತ್ತದೆ. ಪಲ್ಯಕ್ಕೆ ಇಂಡಿಯ ಲಿಂಬೆ ಹಿಂಡಿದರೆ ಕಡಿಮೆ ಉಪ್ಪಿನಲ್ಲಿಯೂ ರುಚಿ ಹೊಂದುತ್ತದೆ.

ಒಂದು ಎಚ್ಚರಿಕೆ. ಒತ್ತಡವು 180/120 ದಾಟಿ, ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಾಗುವುದು, ಮಾತು ತೊದಲುವುದು, ಕೈಕಾಲು ಶಕ್ತಿಗುಂದುವುದು ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸಂಖ್ಯೆ ಎಷ್ಟೇ ಇರಲಿ, ಈ ಲಕ್ಷಣಗಳು ಕಂಡಾಗ 108ಕ್ಕೆ ಕರೆ ಮಾಡಬೇಕು.

ಕಾಯಕಕ್ಕೆ ಕಾಯವೇ ಸಾಧನ. ಸದ್ಭಕ್ತರು ತಮ್ಮ ಮನೆಯ ಹಿರಿಯರಿಗಾಗಿ ಒಂದು ವಹಿಯನ್ನು ಇಡಲಿ, ಅದರಲ್ಲಿ ಎರಡೂ ಸಂಖ್ಯೆಗಳನ್ನು ಬರೆಯಲಿ ಎಂದು ನಾವು ಕೋರುತ್ತೇವೆ.